ನಂದಿ ರಸ್ತೆಯಲ್ಲಿ ಸೈಕಲ್ ಗುಂಪು ಸಿಕ್ಕಾಗ ಗಾಡಿಯವರು ಹೇಗೆ ದಾಟಬೇಕು? ಸೈಕಲ್ ತುಳಿಯೋರೇ ಹೇಳಿ

ಹೂವಿನ ಗಾಡಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ನಂದಿ ಹತ್ತಿರ. ಅರ್ಧ ಎಕರೆ ಸೇವಂತಿಗೆ ಇದೆ. ಅದರ ಜೊತೆ ಅಕ್ಕಪಕ್ಕದ ನಾಲ್ಕು ಮನೆಯವರ ಹೂವನ್ನೂ ತುಂಬಿಕೊಂಡು ದಿನಾ ಬೆಳಗ್ಗೆ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ಗೆ ಹೋಗುತ್ತೇನೆ. ಗಾಡಿ ಟಾಟಾ ಏಸ್. ಹದಿಮೂರು ವರ್ಷದಿಂದ ಇದೇ ಕೆಲಸ, ಇದೇ ರಸ್ತೆ. ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿದವನಲ್ಲ.

ಹೋದ ಭಾನುವಾರ ಆರೂಕಾಲರ ಹೊತ್ತು. ಮುಂದೆ ಹನ್ನೆರಡು ಜನ ಸೈಕಲ್‌ನವರು ಉದ್ದಕ್ಕೆ ಸಾಲಾಗಿ ಹೋಗುತ್ತಿದ್ದರು. ಹಾರ್ನ್ ಮಾಡಿದೆ. ಕೆಲವರು ಎಡಕ್ಕೆ ಸರಿದರು, ಕೆಲವರು ಇದ್ದಲ್ಲೇ ಇದ್ದರು. ಎದುರಿಗೆ ಏನೂ ಕಾಣಲಿಲ್ಲ ಅಂತ ಬಲಕ್ಕೆ ತೆಗೆದೆ. ಅರ್ಧ ಗುಂಪು ದಾಟಿರಬೇಕು, ಅಷ್ಟರಲ್ಲಿ ತಿರುವಿನಿಂದ ಟೊಮೆಟೊ ಕ್ರೇಟ್ ತುಂಬಿದ ಪಿಕಪ್ ಬಂತು. ಬ್ರೇಕ್ ಹಾಕಿದೆ, ಎಡಕ್ಕೆ ಎಳೆದೆ. ನನ್ನ ಎಡಗಡೆ ಕನ್ನಡಿ ಒಬ್ಬ ಹುಡುಗನ ತೋಳಿಗೆ ತಾಗಿ ಒಳಕ್ಕೆ ಮಡಚಿಕೊಂಡಿತು.

ಅವನು ಬೀಳಲಿಲ್ಲ. ಮಣ್ಣಿಗೆ ಇಳಿದು ಒಂದು ಕಾಲು ಊರಿ ನಿಂತುಕೊಂಡ. ನಾನು ಗಾಡಿ ನಿಲ್ಲಿಸಿ ಓಡಿ ಹೋದೆ. ಅವನ ಕೈ ಬ್ರೇಕ್ ಹಿಡಿದಿದ್ದು ಹಿಡಿದ ಹಾಗೇ ಇತ್ತು, ಬಿಡಿಸೋಕೆ ಆಗುತ್ತಿರಲಿಲ್ಲ, ಬೆರಳೆಲ್ಲ ಬೆಳ್ಳಗಾಗಿ ನಡುಗುತ್ತಿದ್ದವು. ನನ್ನ ಮಗನ ವಯಸ್ಸು. ಗುಂಪಿನವರು ಬೈದರು, ನಾನೂ ಎರಡು ಮಾತು ಆಡಿದೆ, ಕೊನೆಗೆ ಆ ಹುಡುಗನೇ "ಪರವಾಗಿಲ್ಲ ಅಂಕಲ್, ಹೋಗಿ" ಅಂದ. ಅವತ್ತು ಮಾರ್ಕೆಟ್‌ನಲ್ಲಿ ಏನು ರೇಟು ಸಿಕ್ಕಿತು ಅಂತಲೂ ನೆನಪಿಲ್ಲ.

ತಪ್ಪು ಯಾರದು ಅಂತ ಕೇಳೋಕೆ ಬಂದಿಲ್ಲ. ಆ ಹುಡುಗನಿಗೆ ತಾಗಿದ್ದು ನನ್ನ ಗಾಡಿ. ನನಗೆ ಬೇಕಿರುವುದು ಇಷ್ಟೇ. ಇಂಥ ಗುಂಪನ್ನು ಹೇಗೆ ದಾಟಬೇಕು? ಹಾರ್ನ್ ಮಾಡಬೇಕಾ, ಬೇಡವಾ? ನೀವು ಕೈಯಲ್ಲಿ ಏನೇನೋ ಸನ್ನೆ ಮಾಡುತ್ತೀರಲ್ಲ, ಅದು ನಮಗಾ, ನಿಮ್ಮ ಹಿಂದಿನವರಿಗಾ? ಬರೋ ಭಾನುವಾರ ಮತ್ತೆ ಅದೇ ರಸ್ತೆಗೆ ಹೋಗಬೇಕು.

ಬೆಳಗಿನ ಪೆಡಲ್

ಅಣ್ಣ, ನೀವು ಕೇಳಿದ್ದಕ್ಕೆ ಮೊದಲು ಥ್ಯಾಂಕ್ಸ್. ನಾನು ಚಿಕ್ಕಬಳ್ಳಾಪುರದವನೇ. ನಮ್ಮದೂ ಒಂದು ಸಣ್ಣ ಗುಂಪು ಇದೆ, ವಾರಕ್ಕೆ ಎರಡು ಸಲ ಮುದ್ದೇನಹಳ್ಳಿ, ನಂದಿ ಕಡೆ ತುಳಿಯುತ್ತೇವೆ. ಅವತ್ತು ಅಲ್ಲಿದ್ದವರು ನಾವಲ್ಲ, ಆದರೆ ನಾವೂ ಅದೇ ಥರ ಉದ್ದ ಸಾಲಿನಲ್ಲಿ ಹೋಗಿದ್ದಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಲೆಕ್ಕ ನೋಡಿ. ಒಂದು ಸೈಕಲ್ ಸುಮಾರು 1.75 ಮೀಟರ್ ಉದ್ದ. ನಡುವೆ ಎರಡೆರಡು ಮೀಟರ್ ಬಿಟ್ಟು ಹನ್ನೆರಡು ಜನ ಸಾಲಾಗಿ ಹೋದರೆ ಸಾಲು 43 ಮೀಟರ್ ಆಗುತ್ತದೆ. ದಾಟುವ ಮುಂಚೆ ಹತ್ತು ಮೀಟರ್, ದಾಟಿದ ಮೇಲೆ ಹತ್ತು ಮೀಟರ್, ನಿಮ್ಮ ಗಾಡಿಯ ಉದ್ದ ಎಲ್ಲ ಸೇರಿಸಿ 67 ಅಂತ ಇಟ್ಟುಕೊಳ್ಳಿ. ನಾವು ಗಂಟೆಗೆ 25 ಕಿಲೋಮೀಟರ್‌ನಲ್ಲಿ ಹೋಗುತ್ತಿದ್ದೇವೆ, ನೀವು 45ರಲ್ಲಿ. ವ್ಯತ್ಯಾಸ 20 ಅಷ್ಟೇ. ಆ 67 ಮೀಟರ್ ಮುಗಿಸೋಕೆ ನಿಮಗೆ 12 ಸೆಕೆಂಡ್ ಬೇಕು. ಆ 12 ಸೆಕೆಂಡ್‌ನಲ್ಲಿ ನಿಮ್ಮ ಗಾಡಿ 150 ಮೀಟರ್ ಮುಂದೆ ಹೋಗಿರುತ್ತದೆ. ಎದುರಿನ ಪಿಕಪ್ 60ರಲ್ಲಿ ಬರುತ್ತಿದ್ದರೆ ಅದು 200 ಮೀಟರ್ ಬಂದಿರುತ್ತದೆ. ಅಂದರೆ 350 ಮೀಟರ್ ರಸ್ತೆ ಖಾಲಿ ಕಾಣಬೇಕು. ನಂದಿ ಕಡೆ ಅಷ್ಟು ನೇರ ರಸ್ತೆ ಎಲ್ಲಿದೆ ಅಣ್ಣ? ನಿಮಗೆ ಎದುರಿಗೆ ಏನೂ ಕಾಣಲಿಲ್ಲ ಅನ್ನೋದು ನಿಜ. ಆದರೆ ಕಾಣುತ್ತಿದ್ದ ರಸ್ತೆಯೇ ಸಾಲದಾಗಿತ್ತು.

ಇದರಲ್ಲಿ ನಮ್ಮ ಪಾಲೂ ಇದೆ. ಹನ್ನೆರಡು ಜನ ಒಂದೇ ಸಾಲಿನಲ್ಲಿ ಹೋಗಬಾರದು. ನಾಲ್ಕು ನಾಲ್ಕು ಜನರ ಮೂರು ಗುಂಪಾಗಿ, ನಡುವೆ ಒಂದು ಗಾಡಿ ಆರಾಮಾಗಿ ಒಳಗೆ ಬಂದು ಉಸಿರು ಬಿಡುವಷ್ಟು, ಅಂದರೆ ಐವತ್ತು ಅರವತ್ತು ಮೀಟರ್ ಜಾಗ ಬಿಡಬೇಕು. ಆಗ ನೀವು ಒಂದು ಗುಂಪನ್ನು ಆರು ಏಳು ಸೆಕೆಂಡ್‌ನಲ್ಲಿ ದಾಟಿ ಎಡಕ್ಕೆ ಬಂದುಬಿಡಬಹುದು. ಎದುರಿಗೆ ಗಾಡಿ ಬಂದರೆ ಅಲ್ಲೇ ಕಾದು, ಮುಂದಿನ ಗುಂಪನ್ನು ಆಮೇಲೆ ದಾಟಬಹುದು. ಅಥವಾ ನೇರ ರಸ್ತೆ ಇದ್ದಾಗ ಜೋಡಿ ಜೋಡಿಯಾಗಿ ಹೋದರೆ ಸಾಲಿನ ಉದ್ದ ಅರ್ಧ ಆಗುತ್ತದೆ, 43 ಇದ್ದದ್ದು 20 ಚಿಲ್ಲರೆ ಮೀಟರ್. ಪಕ್ಕಪಕ್ಕ ಹೋಗುವವರನ್ನು ನೋಡಿದರೆ "ರಸ್ತೆಯಲ್ಲಿ ಹರಟೆ ಹೊಡೆಯುತ್ತಿದ್ದಾರೆ" ಅನ್ನಿಸುತ್ತದೆ, ಗೊತ್ತು. ಬ್ರಿಟನ್ನಿನಲ್ಲಿ 2022ರಲ್ಲಿ ರಸ್ತೆ ನಿಯಮದ ಪುಸ್ತಕ ತಿದ್ದಿದಾಗ ಜೋಡಿಯಾಗಿ ಹೋಗಬಹುದು ಅಂತ ಸ್ಪಷ್ಟವಾಗಿ ಬರೆದರು. ದಾಟುವ ಗಾಡಿ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತಲೂ ಬರೆದರು.

ಆ ಒಂದೂವರೆ ಮೀಟರ್ ಬಗ್ಗೆ. ಅಷ್ಟು ಯಾಕೆ ಬೇಕು ಅಂತ ಗಾಡಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ನಮ್ಮ ಟೈರ್ ಹೆಬ್ಬೆರಳಿನಷ್ಟು ಅಗಲ. ಟಾರು ಮುಗಿದು ಮಣ್ಣು ಶುರುವಾಗುವ ಕಡೆ ಎರಡು ಇಂಚು ಇಳಿಜಾರು ಇರುತ್ತದಲ್ಲ, ಅದರ ಅಂಚಿಗೆ ಟೈರ್ ಸಿಕ್ಕಿದರೆ ಹ್ಯಾಂಡಲ್ ತಾನೇ ತಿರುಗಿಬಿಡುತ್ತದೆ. ಗುಂಡಿ ಸಿಕ್ಕರೆ ಒಂದು ಅಡಿ ಬಲಕ್ಕೆ ಬರಲೇಬೇಕು. ಲಾರಿ ಪಕ್ಕದಲ್ಲಿ ಹೋದರೆ ಮೊದಲು ಗಾಳಿ ಆಚೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಎಡ ತುದಿಗೆ ಅಂಟಿಕೊಂಡು ಹೋಗದೆ ಸ್ವಲ್ಪ ಒಳಗೆ ಬರುವುದು ಇದಕ್ಕೇ. ಸೊಕ್ಕಿನಿಂದ ಅಲ್ಲ.

ಹಾರ್ನ್ ಮಾಡಿ, ಆದರೆ ಮೂವತ್ತು ನಲವತ್ತು ಮೀಟರ್ ದೂರದಲ್ಲೇ, ಚಿಕ್ಕದಾಗಿ ಒಂದು ಸಲ. ಬೆನ್ನ ಹಿಂದೆಯೇ ಬಂದು ಜೋರಾಗಿ ಹೊಡೆದರೆ ಬೆಚ್ಚಿ ತಿರುಗಿ ನೋಡುತ್ತೇವೆ. ತಿರುಗಿ ನೋಡಿದ ಕಡೆಗೇ ಸೈಕಲ್ ವಾಲುತ್ತದೆ, ಅಂದರೆ ನಿಮ್ಮ ಗಾಡಿ ಕಡೆಗೇ.

ಸನ್ನೆಗಳು ಹೆಚ್ಚಾಗಿ ನಮ್ಮ ಹಿಂದಿನವರಿಗೆ. ಆದರೆ ನಿಮಗೆ ಗೊತ್ತಿದ್ದರೆ ತುಂಬಾ ಉಪಯೋಗ. ಬೆರಳು ನೆಲಕ್ಕೆ ತೋರಿಸಿದರೆ ಗುಂಡಿ ಅಥವಾ ಗಾಜು. ಎಡಗೈ ಬೆನ್ನ ಹಿಂದೆ ತಂದು ಬಲಕ್ಕೆ ಬೀಸಿದರೆ ಎಡಗಡೆ ಗಾಡಿ ನಿಂತಿದೆ ಅಂತ. ಇಡೀ ಗುಂಪು ಈಗ ಬಲಕ್ಕೆ ಬರುತ್ತದೆ, ಆಗ ದಾಟೋಕೆ ಹೋಗಬೇಡಿ. ಅಂಗೈ ಬಿಚ್ಚಿ ಮೇಲೆತ್ತಿದರೆ ನಿಲ್ಲುತ್ತಿದ್ದೇವೆ ಅಂತ ಅರ್ಥ.

ಬಸ್ ಬಿಟ್ಟವನು

ಮೂವತ್ತೊಂದು ವರ್ಷ ಬಸ್ ಓಡಿಸಿ ರಿಟೈರ್ ಆದವನು ನಾನು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಈ ಜಿಲ್ಲೆಯ ರಸ್ತೆ ಎಲ್ಲ ನನಗೆ ಗೊತ್ತು.

ತಮ್ಮ ಹೇಳಿದ ಲೆಕ್ಕ ಸರಿ ಇದೆ. ಆದರೆ ಜೋಡಿಯಾಗಿ ಹೋಗುವ ಮಾತಿಗೆ ನಾನು ಒಪ್ಪುವುದಿಲ್ಲಪ್ಪ. ಬ್ರಿಟನ್ ರಸ್ತೆ ಬೇರೆ, ಶಿಡ್ಲಘಟ್ಟದ ರಸ್ತೆ ಬೇರೆ. ಇಲ್ಲಿ ಎದುರಿನಿಂದ ರೇಷ್ಮೆ ಗೂಡು ತುಂಬಿದ ಗಾಡಿ ಮಾರ್ಕೆಟ್‌ಗೆ ಹೊತ್ತಾಯಿತು ಅಂತ ಓಡಿ ಬರುತ್ತಿರುತ್ತದೆ, ಹಿಂದೆ ಬಸ್ ಇರುತ್ತದೆ, ಪಕ್ಕದಲ್ಲಿ ಕುರಿ ಮಂದೆ. ಜೋಡಿಯಲ್ಲಿ ಬಲಗಡೆ ಇರುವವನು ಎಡಕ್ಕೆ ಬರಬೇಕಾದರೆ ಅವನಿಗೆ ಜಾಗ ಎಲ್ಲಿ? ಇಬ್ಬರ ಹ್ಯಾಂಡಲ್ ಸಿಕ್ಕಿಕೊಂಡು ಇಬ್ಬರೂ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ನಾಲ್ಕು ನಾಲ್ಕು ಜನ ಬಿಡಿ ಗುಂಪಾಗಿ ಹೋಗುವುದೇ ನಮ್ಮ ರಸ್ತೆಗೆ ಸರಿ.

ಹೂವಿನ ಗಾಡಿಯವರಿಗೆ ಒಂದು ಮಾತು. ತಿರುವಿನಲ್ಲಿ, ಏರು ಮುಗಿಯುವ ಜಾಗದಲ್ಲಿ, ಮುಂದಿನ ರಸ್ತೆ ಪೂರ್ತಿ ಕಾಣದ ಕಡೆ ಓವರ್‌ಟೇಕ್ ಮಾಡಬಾರದು ಅಂತ ಕಾನೂನೇ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ, ಅದಕ್ಕೆ ಮುಂಚಿನ 1989ರ ನಿಯಮದಲ್ಲೂ ಇತ್ತು. ಬೆಟ್ಟದ ಕಿರಿದಾದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅಂತಲೂ ಇದೆ. ಬೆಟ್ಟ ಹತ್ತುವ ಸೈಕಲ್‌ನವನು ಗಂಟೆಗೆ ಎಂಟು ಹತ್ತು ಕಿಲೋಮೀಟರ್‌ನಲ್ಲಿ ಬೆವರು ಸುರಿಸಿಕೊಂಡು ಹೋಗುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ನೇರ ಹೋಗೋಕೆ ಯಾರಿಂದಲೂ ಆಗುವುದಿಲ್ಲ, ಆಚೆ ಈಚೆ ವಾಲಾಡುತ್ತಾನೆ. ಅಂಥವನ ಹಿಂದೆ ಒಂದು ನಿಮಿಷ ಎರಡನೇ ಗೇರ್‌ನಲ್ಲಿ ಹೋದರೆ ಏನೂ ನಷ್ಟ ಇಲ್ಲ.

ಸೈಕಲ್‌ನವರಿಗೆ ಎರಡು ಮಾತು. ಬಸ್ ಎಡಕ್ಕೆ ತಿರುಗುವಾಗ ಅದರ ಎಡಗಡೆ ನುಗ್ಗಬೇಡಿ. ಬಸ್ ಹನ್ನೊಂದು ಹನ್ನೆರಡು ಮೀಟರ್ ಉದ್ದ. ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನ ಚಕ್ರ ಹೋಗುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ನೀವು ನಿಂತ ಜಾಗ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಡ್ರೈವರ್‌ಗೆ ನೀವು ಕಾಣುವುದೂ ಇಲ್ಲ. ನಮ್ಮ ಕನ್ನಡಿ ನಿಮಗೆ ಕಾಣದಿದ್ದರೆ ನೀವೂ ನಮಗೆ ಕಾಣುವುದಿಲ್ಲ ಅಂತ ತಿಳಿದುಕೊಳ್ಳಿ. ಇನ್ನೊಂದು, ಸ್ಟಾಪ್‌ನಲ್ಲಿ ಬಸ್ ನಿಂತಾಗ ಎಡಗಡೆಯಿಂದ ಹೋಗಲೇಬೇಡಿ. ಮುದುಕಿಯೊಬ್ಬಳು ಬುಟ್ಟಿ ಹಿಡಿದು ಹಿಂದೆ ಮುಂದೆ ನೋಡದೆ ಇಳಿಯುತ್ತಾಳೆ. ಅವಳನ್ನು ದೂರಿ ಪ್ರಯೋಜನ ಇಲ್ಲ.

ಕಿವಿಯಲ್ಲಿ ಆ ವೈರು ಇಟ್ಟುಕೊಂಡು ತುಳಿಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಎಂ.ಜಿ. ರಸ್ತೆ ನಿವಾಸಿ

ನನ್ನದು ಕಾರು. ನೇರವಾಗಿ ಹೇಳುತ್ತೇನೆ, ನಾನು ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ, ಇನ್ಶೂರೆನ್ಸ್ ಕಟ್ಟಿದ್ದೇನೆ, ಲೈಸೆನ್ಸ್ ಇದೆ. ಸೈಕಲ್‌ನವರಿಗೆ ಇದು ಯಾವುದೂ ಇಲ್ಲ. ಮೊದಲೇ 2023ರಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಶಿವನ ದೊಡ್ಡ ಪ್ರತಿಮೆ ಆದ ಮೇಲೆ ವಾರದ ಕೊನೆಗೆ ನಮ್ಮೂರಿನ ರಸ್ತೆಯಲ್ಲಿ ಹೊರಗಿನ ಗಾಡಿ ಜಾಸ್ತಿಯಾಗಿದೆ. ಅದರ ಮೇಲೆ ಹವ್ಯಾಸಕ್ಕೆ ಅಂತ ಬರುವ ಸೈಕಲ್ ಗುಂಪಿನ ಹಿಂದೆ ನಾವು ಕಾಯಬೇಕು ಅಂದರೆ ಬೇಜಾರಾಗುತ್ತದೆ. ನ್ಯಾಯವಾಗಿ ಯೋಚನೆ ಮಾಡಿ.

ಡೈರಿ ಮನೆ ಹುಡುಗಿ

ಮೇಲಿನ ಸಾರ್‌ಗೆ ಒಂದು ಮಾತು ಹೇಳಲೇಬೇಕು. ಸೈಕಲ್ ಅಂದರೆ ಹೆಲ್ಮೆಟ್ ಹಾಕಿ ಬಣ್ಣದ ಬನಿಯನ್ ತೊಟ್ಟು ಭಾನುವಾರ ಬರುವವರು ಮಾತ್ರ ಅಲ್ಲ. ನಮ್ಮಪ್ಪ ಇಪ್ಪತ್ತೆರಡು ವರ್ಷದಿಂದ ಬೆಳಗ್ಗೆ ಐದೂವರೆಗೆ ಕ್ಯಾರಿಯರ್‌ನ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ತುಳಿಯುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರು, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವರು, ಸರ್ಕಾರಿ ಸ್ಕೂಲಿನ ಮಕ್ಕಳು, ಎಲ್ಲರೂ ಇದೇ ರಸ್ತೆಯಲ್ಲೇ ಸೈಕಲ್‌ನಲ್ಲಿ ಹೋಗುತ್ತಾರೆ. ಇವರು ಗುಂಪಾಗಿ ಇರುವುದಿಲ್ಲ, ಅದಕ್ಕೇ ಇವರ ಬಗ್ಗೆ ಯಾರೂ ಮಾತಾಡುವುದಿಲ್ಲ. ರಸ್ತೆ ಟ್ಯಾಕ್ಸ್ ಕಟ್ಟಿದವರಿಗಷ್ಟೇ ಅಂದರೆ ನಡೆದು ಹೋಗುವವರು ಏನು ಮಾಡಬೇಕು ಸಾರ್? ನಮ್ಮಪ್ಪನ ಸೈಕಲ್ ಆ ರಸ್ತೆಯನ್ನು ಹಾಳು ಮಾಡಿಲ್ಲ.

ಎರಡು ವರ್ಷದ ಹಿಂದೆ ಜನವರಿ ತಿಂಗಳು, ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಅಪ್ಪ ಕಪ್ಪು ಕಂಬಳಿ ಹೊದ್ದುಕೊಂಡು ಹೋಗುತ್ತಿದ್ದರು. ಬೆಟ್ಟದಲ್ಲಿ ಸೂರ್ಯ ಹುಟ್ಟುವುದನ್ನು ನೋಡೋಕೆ ಅವಸರದಲ್ಲಿ ಹೋಗುತ್ತಿದ್ದ ಕಾರೊಂದು ಬಲಗಡೆಯ ಕ್ಯಾನ್‌ಗೆ ತಾಗಿಸಿಕೊಂಡು ಹೋಯಿತು. ನಿಲ್ಲಲಿಲ್ಲ. ಅಪ್ಪ ಚರಂಡಿಗೆ ಬಿದ್ದರು, ಮೊಣಕೈ ಮುರಿಯಿತು. ನಾನು ಓಡಿ ಹೋದಾಗ ರಸ್ತೆ ತುಂಬಾ ಹಾಲು, ಅದರ ಮೇಲೆ ಟೈರಿನ ಗುರುತು. ಅಪ್ಪ ನೋವು ಅನ್ನಲಿಲ್ಲ. "ಕ್ಯಾನ್ ನೆಗ್ಗಿತೇನಮ್ಮ ನೋಡು" ಅಂದರು.

ಆಮೇಲೆ ನಾನು ಮಾಡಿದ್ದು ಇಷ್ಟು. ಟ್ರಾಕ್ಟರ್ ಟ್ರೇಲರ್ ಹಿಂದೆ ಅಂಟಿಸುತ್ತಾರಲ್ಲ, ಆ ಕೆಂಪು ಹೊಳೆಯುವ ಟೇಪು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಎರಡೂ ಕ್ಯಾನ್‌ಗೆ ಸುತ್ತಿದೆ, ಹಿಂದಿನ ಮಡ್‌ಗಾರ್ಡ್‌ಗೆ ಒಂದು ತುಂಡು, ಎರಡೂ ಪೆಡಲ್‌ಗೆ ಒಂದೊಂದು ತುಂಡು. ಪೆಡಲ್‌ದೇ ಎಲ್ಲಕ್ಕಿಂತ ಮುಖ್ಯ. ಮೇಲೆ ಕೆಳಗೆ ಮಿಣುಕುವುದು ಕಂಡರೆ ಇದು ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ಆದರೆ ಟೇಪಿಗೆ ಸ್ವಂತ ಬೆಳಕಿಲ್ಲ, ಗಾಡಿಯ ಲೈಟ್ ಬಿದ್ದರೆ ಮಾತ್ರ ಹೊಳೆಯುತ್ತದೆ. ಅದಕ್ಕೆ ಸೀಟಿನ ಕೆಳಗೆ ಮಿಣುಕುವ ಒಂದು ಕೆಂಪು ಲೈಟನ್ನೂ ಹಾಕಿಸಿದೆ. ಕಂಬಳಿ ಮಾತ್ರ ಅಪ್ಪ ಬಿಡುವುದಿಲ್ಲ, ಚಳಿ ಅಂತಾರೆ. ಅದರ ಬೆನ್ನಿಗೆ ಬಿಳಿ ಬಟ್ಟೆಯ ಪಟ್ಟಿ ಹೊಲಿದಿದ್ದೇನೆ.

ಗಾಡಿಯವರಲ್ಲಿ ನನ್ನದು ಒಂದೇ ಬೇಡಿಕೆ. ಎದುರಿಗೆ ಸೈಕಲ್ ಬರುತ್ತಿದ್ದರೂ ಹೈ ಬೀಮ್ ಇಳಿಸಿ. ಕಾರು ಬಂದರೆ ಇಳಿಸುತ್ತೀರಿ, ಸೈಕಲ್‌ಗೆ ಯಾಕೆ ಇಳಿಸುವುದಿಲ್ಲ? ಆ ಬೆಳಕಿಗೆ ಕಣ್ಣು ಕತ್ತಲಾಗಿ ಅಪ್ಪನಿಗೆ ರಸ್ತೆಯ ಅಂಚೇ ಕಾಣುವುದಿಲ್ಲ.

ಬೆಳಗಿನ ಪೆಡಲ್

ಅಕ್ಕ, ಓದಿ ಮನಸ್ಸಿಗೆ ತುಂಬಾ ಕಷ್ಟವಾಯಿತು. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರ ಹತ್ತಿರ ಎರಡೆರಡು ಲೈಟ್ ಇದೆ. ದಾರಿಯಲ್ಲಿ ಹಾಲಿನವರು ಸಿಕ್ಕರೆ ಕೈ ಬೀಸಿ ಮುಂದೆ ಹೋಗಿಬಿಡುತ್ತಿದ್ದೆವು, ಅವರಿಗೆ ಒಂದು ಲೈಟ್ ಇದೆಯಾ ಅಂತ ಇದುವರೆಗೆ ನೋಡಿರಲಿಲ್ಲ. ಈ ವಾರ ನಾವು ಒಂಬತ್ತು ಜನ ಸೇರಿ ಟೇಪಿನ ರೋಲ್ ತರುತ್ತೇವೆ. ನಿಮ್ಮ ಊರಿನ ಡೈರಿ ಹತ್ತಿರ ಬೆಳಗ್ಗೆ ಎಷ್ಟು ಹೊತ್ತಿಗೆ ಬಂದರೆ ಎಲ್ಲರೂ ಸಿಗುತ್ತಾರೆ, ಹೇಳಿ.

ಬಸ್ ಅಣ್ಣ, ಜೋಡಿ ಸವಾರಿ ಬಗ್ಗೆ ನಿಮ್ಮ ಮಾತಿಗೆ ಪೂರ್ತಿ ಒಪ್ಪುವುದಕ್ಕೆ ಆಗುತ್ತಿಲ್ಲ. ಅಗಲವಾದ ನೇರ ರಸ್ತೆಯಲ್ಲಿ ಅದೇ ಸೇಫ್ ಅಂತ ಈಗಲೂ ಅನ್ನಿಸುತ್ತದೆ. ಆದರೆ ಶಿಡ್ಲಘಟ್ಟ ಕಡೆ ಮತ್ತು ಬೆಟ್ಟದ ಮೇಲೆ ಬಿಡಿ ಗುಂಪೇ ಸರಿ, ಅದನ್ನು ನಮ್ಮವರಿಗೆ ಹೇಳುತ್ತೇನೆ. ಎಡಗಡೆ ಬಸ್ ತಿರುಗುವ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ.

ಗಾಡಿಯವರಿಗೆ ಮರೆತಿದ್ದ ಒಂದು ವಿಷಯ, ಡೋರ್. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಡ್ರೈವರ್ ಬಾಗಿಲು ತೆಗೆಯುವಾಗ ಎಡಗೈಯಿಂದ ತೆಗೆಯಿರಿ. ಆಗ ಮೈ ತಾನಾಗೇ ಬಲಕ್ಕೆ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಇಳಿಜಾರಿನಲ್ಲಿ ನಾವು 40ರಲ್ಲಿ ಬರುತ್ತಿರುತ್ತೇವೆ, ಬಾಗಿಲು ತೆರೆದುಕೊಂಡರೆ ಬ್ರೇಕ್ ಹಿಡಿಯೋಕೂ ಸಮಯ ಇರುವುದಿಲ್ಲ.

ತಾಲೂಕು ನರ್ಸ್

ಸಣ್ಣದಾಗಿ ಹೇಳುತ್ತೇನೆ, ಡ್ಯೂಟಿಗೆ ಹೋಗಬೇಕು. ಯಾರಾದರೂ ಬಿದ್ದರೆ ಎಳೆದು ಕೂರಿಸಬೇಡಿ, ಹೆಲ್ಮೆಟ್ ಕಿತ್ತು ತೆಗೆಯಬೇಡಿ, ನೀರು ಕುಡಿಸಬೇಡಿ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ, 108 ಅಥವಾ 112ಕ್ಕೆ ಫೋನ್ ಮಾಡಿ. ಒಬ್ಬರು ಹಿಂದಕ್ಕೆ ಹೋಗಿ ಬರುವ ಗಾಡಿಗಳನ್ನು ನಿಧಾನ ಮಾಡಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಸಹಾಯ ಮಾಡಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರುವವರು ಇನ್ನೂ ಇದ್ದಾರೆ. 2019ರಲ್ಲಿ ಕಾನೂನು ತಿದ್ದುಪಡಿ ಆಗಿ ಸಹಾಯಕ್ಕೆ ಬಂದವರಿಗೆ ರಕ್ಷಣೆ ಸಿಕ್ಕಿದೆ. ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಅಪಘಾತ ಮಾಡಿದ ಗಾಡಿಯವರು ನಿಲ್ಲಿಸಿ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಅವರ ಕರ್ತವ್ಯ. ಡೈರಿ ಮನೆಯವರ ಥರ ಗಾಡಿ ಓಡಿಹೋದರೆ ಅದಕ್ಕೂ ಪರಿಹಾರ ಇದೆ. 2022ರ ಏಪ್ರಿಲ್‌ನಿಂದ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಪೊಲೀಸ್ ದೂರು ಮತ್ತು ಆಸ್ಪತ್ರೆ ಕಾಗದ ಇಟ್ಟುಕೊಂಡಿರಿ.

ಎಂ.ಜಿ. ರಸ್ತೆ ನಿವಾಸಿ

ಡೈರಿ ಮನೆಯಮ್ಮ, ನಿಮ್ಮ ತಂದೆಯಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಬರೆದದ್ದಲ್ಲ. ಆದರೂ ಬರೆದದ್ದು ತಪ್ಪೇ. ಅವರ ಕೈ ಈಗ ಹೇಗಿದೆ?

ಡೈರಿ ಮನೆ ಹುಡುಗಿ

ಪೂರ್ತಿ ನೆಟ್ಟಗೆ ಮಾಡೋಕೆ ಆಗುವುದಿಲ್ಲ ಸಾರ್, ಆದರೆ ಕ್ಯಾನ್ ಎತ್ತುತ್ತಾರೆ. ಬೆಳಗಿನ ಪೆಡಲ್ ಅವರೇ, ಐದೂಮುಕ್ಕಾಲಿಗೆ ಬನ್ನಿ. ಹದಿನಾಲ್ಕು ಸೈಕಲ್ ಇರುತ್ತದೆ.

ಹೂವಿನ ಗಾಡಿ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಇವತ್ತು ಭಾನುವಾರ, ಮಾರ್ಕೆಟ್ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಹತ್ತು ನಿಮಿಷ ಮುಂಚೆ ಹೊರಟೆ. ಅದರಿಂದಲೇ ಅರ್ಧ ಅವಸರ ಹೋಯಿತು. ಎಂಟು ಜನರ ಗುಂಪು ಸಿಕ್ಕಿತು. ದೂರದಲ್ಲೇ ಒಂದು ಸಣ್ಣ ಹಾರ್ನ್ ಮಾಡಿ ಹಿಂದೆಯೇ ಮೂರನೇ ಗೇರ್‌ನಲ್ಲಿ ಹೋದೆ. ನನ್ನ ಹಿಂದಿನ ಕಾರಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ, ಕಿಟಕಿಯಿಂದ ಕೈ ಹೊರಗೆ ಹಾಕಿ ನಿಧಾನ ಅಂತ ತೋರಿಸಿದೆ. ಮುಂದಿದ್ದವನು ಎಡಗೈ ಬೆನ್ನ ಹಿಂದೆ ತಂದು ಬಲಕ್ಕೆ ಬೀಸಿದ. ಎಲ್ಲರೂ ಬಲಕ್ಕೆ ಬಂದರು, ಎಡಗಡೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಆ ಸನ್ನೆ ಗೊತ್ತಿಲ್ಲದಿದ್ದರೆ ನಾನು ಸರಿಯಾಗಿ ಆಗಲೇ ದಾಟೋಕೆ ಹೋಗಿರುತ್ತಿದ್ದೆ. ನೇರ ರಸ್ತೆ ಬಂದ ಮೇಲೆ ಪೂರ್ತಿ ಬಲಕ್ಕೆ ತೆಗೆದು ದಾಟಿದೆ. ಕೊನೆಯವಳು, ಹುಡುಗಿ, ಕೈ ಎತ್ತಿದಳು. ಕಾದದ್ದು ಎಷ್ಟು ಅಂತ ಗಡಿಯಾರ ನೋಡಿದೆ, ಒಂದೂವರೆ ನಿಮಿಷ ಕೂಡ ಇಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಪ್ರತಿ ವರ್ಷ ಸುಗ್ಗಿಯಲ್ಲಿ ನಾವು ಹುರುಳಿ, ರಾಗಿಯನ್ನು ಟಾರು ರಸ್ತೆಗೆ ಹಾಸಿ ಗಾಡಿಗಳ ಕೈಲಿ ಒಕ್ಕಣೆ ಮಾಡಿಸುತ್ತೇವೆ. ಸುತ್ತ ಕಲ್ಲು ಇಡುತ್ತೇವೆ. ಹೋದ ವರ್ಷ ನಮ್ಮ ಹುರುಳಿ ಸೊಪ್ಪಿನ ಮೇಲೆ ಒಬ್ಬ ಸೈಕಲ್‌ನವನು ಜಾರಿ ಬಿದ್ದಿದ್ದ. ಚೈನಿಗೆ ಸೊಪ್ಪು ಸುತ್ತಿಕೊಂಡಿತ್ತು, ಕೂತು ಬಿಡಿಸಿಕೊಳ್ಳುತ್ತಿದ್ದ. ಆಗ ನಮ್ಮ ಮನೆಯವರು ಅವನಿಗೇ ಬೈದು ಕಳಿಸಿದ್ದರು. ಅದು ಈ ವಾರವೆಲ್ಲ ನೆನಪಾಗುತ್ತಿತ್ತು.

ನಿನ್ನೆ ಅಮ್ಮನ ಹತ್ತಿರ ಮಾತಾಡಿದೆ. ಊರ ಹಿಂದೆ ನಮ್ಮ ತಾತನ ಕಾಲದ ಕಣ ಇದೆ, ಈಗ ಮುಳ್ಳು ಬೆಳೆದಿದೆ. ಅದನ್ನು ಕೆತ್ತಿಸಿ ಸಗಣಿ ಸಾರಿಸಿದರೆ ನಾಲ್ಕು ಮನೆಯ ಒಕ್ಕಣೆಗೂ ಸಾಕು, ಟ್ರಾಕ್ಟರ್ ಬಾಡಿಗೆಯನ್ನು ಹಂಚಿಕೊಳ್ಳಬಹುದು. ಅಮ್ಮ ಒಪ್ಪಿದ್ದಾರೆ. ಇನ್ನು ಮೂರು ಮನೆಯವರನ್ನು ಕೇಳಬೇಕು, ಸಂಜೆ ಹೋಗುತ್ತೇನೆ.

ಅವತ್ತಿನ ಆ ಹುಡುಗ ಇದನ್ನು ಓದುತ್ತಿದ್ದರೆ, ತೋಳು ಹೇಗಿದೆ ಅಂತ ಒಂದು ಮಾತು ಬರೆಯಪ್ಪ.